ಯಂತ್ರಕ್ಕೆ ಅಪ್ಪಣೆ ಬರೆಯುವವರು ಯಾರು?



ಹೋಟೆಲಿನ ಮಾಳಿಗೆಯ ಮೇಲಿನ ನೀರಿನ ಟಾಂಕಿಯನ್ನು ನೀವು ನೋಡಿದ್ದೀರಿ. ನೀರು ತುಂಬಿದೊಡನೆ ತೇಲುವ ಗುಂಡು ಮೇಲೇಳುತ್ತದೆ, ಪಂಪು ತಾನಾಗಿ ನಿಲ್ಲುತ್ತದೆ. ಮಿಲ್ಲಿನಲ್ಲಿ ದುಡಿದವರೂ ಇದನ್ನು ಬಲ್ಲರು. ಹಾಸಿನ ಒಂದು ನೂಲು ಕಡಿದರೆ ಅದಕ್ಕೆ ತೂಗುಬಿದ್ದ ಸಣ್ಣ ತಗಡು ಕೆಳಗೆ ಬಿದ್ದು ಮಗ್ಗ ನಿಲ್ಲುತ್ತದೆ. ನೋಡುವುದು, ನಿರ್ಣಯಿಸುವುದು, ಮಾಡುವುದು, ಸ್ವಯಂಚಾಲನೆಯೆಂದರೆ ಇಷ್ಟೇ. ಇಂದಿನ ಕಾರಖಾನೆಗಳಲ್ಲಿ ಈ ನಿರ್ಣಯವನ್ನು ಪಿ.ಎಲ್.ಸಿ. ಎಂಬ ಪೆಟ್ಟಿಗೆ ಮಾಡುತ್ತದೆ. ಅದಕ್ಕೆ ಅಪ್ಪಣೆ ಬರೆಯುವವನೇ ಕಂಟ್ರೋಲ್ ಇಂಜಿನಿಯರ್.

"ಅದು ದೊಡ್ಡ ಕಾಲೇಜಿನವರ ವಿದ್ಯೆ, ನಮಗೇಕೆ?" ಎನ್ನುವವರು ನಮ್ಮಲ್ಲಿ ಬಹಳ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಈ ಪೆಟ್ಟಿಗೆಯ ಚರಿತ್ರೆ ಬೇರೆಯೇ ಹೇಳುತ್ತದೆ. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿಗೆ ಒಂದು ತಾಪತ್ರಯವಿತ್ತು. ಕಾರಿನ ಮಾದರಿ ಬದಲಾದಾಗಲೆಲ್ಲ ಕಪಾಟು ತುಂಬಿದ ರಿಲೇಗಳ ತಂತಿ ಬಿಚ್ಚಿ ಮತ್ತೆ ಜೋಡಿಸಬೇಕಾಗುತ್ತಿತ್ತು. ತಂತಿ ಮುಟ್ಟದೆ, ಬರೆದ ಅಪ್ಪಣೆಯನ್ನಷ್ಟೇ ಬದಲಿಸಿ ಕೆಲಸ ನಡೆಸುವ ಸಾಧನ ಬೇಕಾಯಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ಮೊಡಿಕಾನ್ 084 ಎಂಬ ಪೆಟ್ಟಿಗೆಯನ್ನು ಮಾಡಿಕೊಟ್ಟರು. ಅದರ ಭಾಷೆ ಏಣಿಯ ಚಿತ್ರದಂತಿದೆ. ಎಡಬಲದ ಕಂಬಗಳು ವಿದ್ಯುತ್ತಿನ ದಾರಿ. ಒಂದೊಂದು ಮೆಟ್ಟಿಲು ಒಂದೊಂದು ಅಪ್ಪಣೆ. ಮುಚ್ಚಳ ಹಾಕಿದ್ದರೆ, ಗುಂಡಿ ಒತ್ತಿದರೆ, ಮೋಟರು ತಿರುಗಲಿ! ಹೀಗೇಕೆ ಮಾಡಿದರು? ಕಾರಖಾನೆಯ ವಯರ್‌ಮನ್ ಅದನ್ನು ಓದಬಲ್ಲವನಾಗಲೆಂದು.

ಓದಲು ಬಾರದಿದ್ದರೆ ಏನಾಗುತ್ತದೆ? ನಾನು ಹಿಂದೆ ದುಡಿದ ಒಂದು ಹೋಟೆಲಿನಲ್ಲಿ ಹಿಟ್ಟು ನಾದುವ ಯಂತ್ರವಿತ್ತು. ಮುಚ್ಚಳ ತೆಗೆದರೆ ನಿಲ್ಲುವಂತೆ ಅದಕ್ಕೊಂದು ಸ್ವಿಚ್ಚು. ಕೆಲಸ ತಡವಾಗುತ್ತದೆಂದು ಧಣಿಗಳು ಆ ಸ್ವಿಚ್ಚನ್ನು ತಂತಿಯಿಂದ ಬಿಗಿಸಿಬಿಟ್ಟರು. ಅದು ಏತಕ್ಕಿದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ, ನೋಡುತ್ತ ನಿಂತೆವು. ಎರಡು ವಾರದೊಳಗೆ ಜೊತೆಯ ಹುಡುಗನ ಎರಡು ಬೆರಳು ಹೋದವು. ಯಂತ್ರ ರಚಿಸಿದವನು ತನ್ನ ಕರ್ತವ್ಯ ಮಾಡಿದ್ದ. ನಮ್ಮ ಅಜ್ಞಾನ ಆ ಹುಡುಗನ ಕೈ ತಿಂದಿತು.

ಯಂತ್ರ ಬಂದರೆ ಕೆಲಸ ಹೋದೀತೆಂಬ ಭಯ ಸುಳ್ಳಲ್ಲ. ಆದರೆ ಬೇಡವೆಂದು ಕೂಗಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಯಂತ್ರ ತರುವ ಧಣಿ ಇದ್ದ ಕೆಲಸಗಾರರಿಗೇ ಅದನ್ನು ನಡೆಸಲು, ರಿಪೇರಿ ಮಾಡಲು ಕಲಿಸಲಿ. ಇದು ನಮ್ಮ ಬೇಡಿಕೆಯಾಗಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಹತ್ತನೆಯ ತರಗತಿ ಪಾಸಾದ ಹುಡುಗನಿಗೆ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಶಿಯನ್ ವಿದ್ಯೆ ಎರಡು ವರ್ಷದ್ದು. ಗಲ್ಲೆಯ ಮುಂದೆ ಕೂರಿಸುವ ಬದಲು ಅಲ್ಲಿಗೆ ಕಳುಹಿಸಿರಿ. ಸಂಘವು ವಾರಕ್ಕೆರಡು ರಾತ್ರಿ ಈ ಏಣಿಯ ಭಾಷೆಯ ತರಗತಿ ನಡೆಸಲಿ. ಪ್ರತಿಯೊಬ್ಬನೂ ತನ್ನ ಯಂತ್ರದ ಕೆಂಪು ಗುಂಡಿ ಎಲ್ಲಿದೆ, ಒತ್ತಿದರೆ ನಿಲ್ಲುತ್ತದೆಯೇ ಎಂದು ತಿಳಿದಿರಲಿ. ಸರಿಯಾಗಿ ಜೋಡಿಸಿದ್ದರೆ ಅದರ ತಂತಿ ತುಂಡಾದರೂ ಯಂತ್ರ ನಿಲ್ಲಬೇಕು.

ನಾಳೆ ನಮ್ಮ ಮನೆಯ ಹುಡುಗ ಇಂಜಿನಿಯರನಾದರೆ ಅವನಿಗೆ ಒಂದೇ ಮಾತು: ಅಪ್ಪಣೆ ಬರೆಯುವ ಮೊದಲು ಯಂತ್ರದ ಪಕ್ಕ ಒಂದು ಪಾಳಿ ನಿಲ್ಲು, ಅಲ್ಲಿ ದುಡಿಯುವವನನ್ನು ಕೇಳು. ಬೆರಳು ಅವನದು.

— ಸಂಘದ ಒಬ್ಬ ಕಾರ್ಯಕರ್ತ