ಹಿರಿಯರ ಔಷಧಿ ವಿಮೆ

ಅಮೆರಿಕದಲ್ಲಿ ಮಕ್ಕಳೊಡನೆ ನೆಲೆಸಿ 65 ದಾಟಿದ ನಮ್ಮ ಹಿರಿಯರಲ್ಲಿ ಕೆಲವರು, 'ನಮಗೆ ಗುಳಿಗೆಯ ಗೊಡವೆಯೇ ಇಲ್ಲ, ವಿಮೆಯೇತಕ್ಕೆ?' ಎನ್ನುವುದುಂಟು. ಈ ಉದಾಸೀನ ಸಲ್ಲದೆಂದು ನಾವು ಹೇಳಬಯಸುತ್ತೇವೆ. ಅಲ್ಲಿನ ಮೆಡಿಕೇರ್‌ನ ಔಷಧಿ ವಿಮೆಯಾದ 'ಪಾರ್ಟ್ ಡಿ' 2006ರಲ್ಲಿ ಆರಂಭವಾಯಿತು. ಅರ್ಹತೆ ದೊರೆತಾಗ ಸೇರದೆ, ಸಮಾನವಾದ ಬೇರೆ ವಿಮೆಯೂ ಇಲ್ಲದೆ ಕಾಲ ಕಳೆದವರಿಗೆ, ತಡವಾದ ಪ್ರತಿ ತಿಂಗಳಿಗೆ ಮೂಲ ಕಂತಿನ ಶೇಕಡಾ 1ರಂತೆ ದಂಡ ಬೀಳುತ್ತದೆ. ಸಾಮಾನ್ಯವಾಗಿ ಆ ವಿಮೆ ಇರುವವರೆಗೂ ಅದನ್ನು ತೆರಬೇಕು.

ಕಂತು ಕಡಿಮೆಯೆಂಬ ಒಂದೇ ಕಾರಣಕ್ಕೆ ಯೋಜನೆಯನ್ನು ಆರಿಸಲಾಗದು. ಸೇವಿಸುವ ಔಷಧಿಗಳ ಹೆಸರು, ಪ್ರಮಾಣ ಬರೆದುಕೊಂಡು, ಅವು ಯೋಜನೆಯ ಪಟ್ಟಿಯಲ್ಲಿವೆಯೇ ಎಂದು ನೋಡಬೇಕು. ಪಟ್ಟಿ ವರ್ಷವರ್ಷಕ್ಕೆ ಬದಲಾಗಬಹುದಾದ್ದರಿಂದ ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಪುನಃ ಪರಿಶೀಲಿಸಬೇಕು. ಮಕ್ಕಳು ಅದಕ್ಕಾಗಿ ಒಂದು ಸಂಜೆ ತಂದೆತಾಯಿಗಳ ಬಳಿ ಕುಳಿತರೆ, ಅದೂ ಸೇವೆಯೇ.