ಕಣಕ್ಕೆ ಹಿಡಿದ ಪೊರಕೆ ಮನೆಗೂ ಹಿಡೀಬೇಕು

ಬೀಜ, ಗೊಬ್ಬರ, ಬೋರು, ಮಾರುಕಟ್ಟೆ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಎಷ್ಟೋ ಜನ ಬರೀತಾರೆ. ಮನೆ ಗುಡಿಸೋದರ ಬಗ್ಗೆ ಬರೆದರೆ ಇದೇನು ರೈತಾಪಿ ವಿಷಯವೇ ಅಂತ ಕೆಲವರು ನಗಬಹುದು. ನನ್ನ ಪ್ರಕಾರ ರೈತಾಪಿ ವಿಷಯವೇ. ನಮ್ಮದು ಶಿರಾ ಕಡೆಯ ಮಳೆ ನಂಬಿದ ಬೇಸಾಯ. 4 ಎಕರೆ ಹೊಲ. ರಾಗಿ, ಕಡಲೇಕಾಯಿ, ಅಕ್ಕಡಿಗೆ ತೊಗರಿ, ಅವರೆ. 2 ಹಸು, ನಾಕಾರು ಕುರಿ. ಇಂಥ ಮನೆಯಲ್ಲಿ ಹೊಲ ಎಲ್ಲಿ ಮುಗೀತು, ಮನೆ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕಾಗಲ್ಲ. ಕಾಳಿನ ಮೂಟೆ ಇರೋದು ನಡುಮನೆಯಲ್ಲಿ. ಹಸು ಕಟ್ಟೋದು ಗೋಡೆಯಾಚೆ. ಮಳೆಗಾಲದಲ್ಲಿ ಹೊಲದ ಕೆಸರು ಅರ್ಧ ನಮ್ಮ ಕಾಲಲ್ಲೇ ಮನೆಗೆ ಬರ್ತದೆ.

ನಮ್ಮ ಕಡೆ ಮನೆ ಕ್ಲೀನು ಅಂದರೆ ಹಬ್ಬದ ಲೆಕ್ಕ. ಯುಗಾದಿ, ಗೌರಿ ಹಬ್ಬ, ದೀಪಾವಳಿ ಬಂತು ಅಂದರೆ ಮೂರು ದಿನ ಅಟ್ಟದಿಂದ ಹಿಡಿದು ಬಚ್ಚಲ ತನಕ ಎಲ್ಲಾ ಈಚೆಗೆ ಹಾಕಿ, ಜೇಡರ ಬಲೆ ತೆಗೆದು, ಸುಣ್ಣ ಬಳಿದು, ಪಾತ್ರೆಯೆಲ್ಲಾ ಬೆಳಗಿ, ಹಬ್ಬದ ದಿನ ಹೋಳಿಗೆ ಬೇಯಿಸೋ ಹೊತ್ತಿಗೆ ಹೆಂಗಸರು ಸೊಂಟ ಹಿಡ್ಕೊಂಡು ಕೂತಿರ್ತಾರೆ. ಆಮೇಲೆ ಮುಂದಿನ ಹಬ್ಬದ ತನಕ ಬರೀ ಮೇಲು ಮೇಲೆ ಗುಡಿಸೋದು. ಹಬ್ಬಕ್ಕೆ ಮನೆ ತೊಳೀಬೇಡಿ ಅನ್ನಲ್ಲ. ಆದರೆ ಆರು ತಿಂಗಳ ಕಸವನ್ನು ಮೂರು ದಿನಕ್ಕೆ ಕೂಡಿಟ್ಟರೆ ಅದು ಸಾಲ ಕೂಡಿಟ್ಟ ಹಾಗೆ, ಬಡ್ಡಿ ಕಟ್ಟೋದು ಮನೆ ಹೆಂಗಸು.

ಈ ಮಾತು ತೆಗೆದಾಗ ನಮ್ಮ ಭಾವ ಒಬ್ಬರು, "ಪೊರಕೆ ಹಿಡಿಯೋದು ಹೆಂಗಸರ ಕೆಲಸ ಕಣಯ್ಯ, ಗಂಡಸು ಮನೆ ಗುಡಿಸಿದರೆ ಲಕ್ಷ್ಮಿ ನಿಲ್ತಾಳಾ?" ಅಂದರು. ನಾನು ಕೇಳಿದೆ, "ಭಾವ, ಕಣ ಗುಡಿಸೋರು ಯಾರು?" ಕಣ ಕೆತ್ತಿ, ನೀರು ಚಿಮುಕಿಸಿ, ಸಗಣಿ ಬಗ್ಗಡ ಹಾಕಿ ಸಾರಿಸಿ, ಒಂದು ಕಲ್ಲು ಇರದ ಹಾಗೆ ಗುಡಿಸಿ, ಕಾಲಲ್ಲಿದ್ದ ಎಕ್ಕಡ ಆಚೆ ಬಿಟ್ಟು ಒಳಗೆ ಹೋಗ್ತಿದ್ದವರು ನಾವು ಗಂಡಸರೇ. ಅಲ್ಲಿ ಯಾವ ಲಕ್ಷ್ಮಿಯೂ ಓಡಿ ಹೋಗಲಿಲ್ಲ. ಈಗ ರಾಗಿ ಕಣ ಮಾಡೋರು ಕಮ್ಮಿ, ರಸ್ತೆ ಮೇಲೆ ಹಾಸೋರು, ಮಿಷನ್ ತರಿಸೋರು ಜಾಸ್ತಿ. ಅದು ಬೇರೆ ಮಾತು. ಕಣದಲ್ಲಿ ಮೂರು ವಾರ ಇರೋ ರಾಗಿಗೆ ಅಷ್ಟು ನಿಗಾ ಮಾಡಿದವರು, ಅದೇ ರಾಗಿ ವರ್ಷವೆಲ್ಲಾ ಇರೋ ಮನೆಗೆ ಯಾಕೆ ಮಾಡಬಾರದು? ಭಾವ ಎಲೆ ಅಡಿಕೆ ಹಾಕ್ಕೊಂಡರು, ಉತ್ತರ ಬರಲಿಲ್ಲ.

ಕ್ಲೀನು ಮಾಡೋಕೆ ಅಂತ ಬೇರೆ ಹೊತ್ತು ಇಟ್ಟರೆ ಅದು ನಡೆಯಲ್ಲ. ಬಿತ್ತನೆ, ಕಳೆ, ಕೊಯ್ಲು ಬಂದರೆ ಆ ಹೊತ್ತು ಮೊದಲು ಹಾರಿಹೋಗ್ತದೆ. ದಿನಾ ತಪ್ಪದೆ ಮಾಡೋ ಕೆಲಸದ ಬಾಲಕ್ಕೆ ಕಟ್ಟಿದರೆ ಮಾತ್ರ ನಡೀತದೆ. ಹಳಬರು ಇದನ್ನೇ ಮಾಡಿದ್ದು. ಹೊರಗಿಂದ ಬಂದರೆ ಕಾಲು ತೊಳೆದೇ ಒಳಗೆ ಅಂತ ಬಾಗಿಲಲ್ಲಿ ಚೊಂಬು ಇಡ್ತಿದ್ದರು. ಅದನ್ನ ಶಾಸ್ತ್ರ ಅಂತ ಮಾಡಿದ್ದರಿಂದ ಯಾರೂ ಮರೀತಿರಲಿಲ್ಲ. ಈಗ ಟೈಲ್ಸ್ ಹಾಕಿಸಿದ ಮನೆಗಳಲ್ಲಿ ಚೊಂಬೂ ಇಲ್ಲ, ಕಾಲು ತೊಳೆಯೋ ಕಲ್ಲೂ ಇಲ್ಲ.

ನಮ್ಮ ಮನೆಯಲ್ಲಿ ಇದನ್ನ ಮತ್ತೆ ಶುರು ಮಾಡಿದ್ದು ನಮ್ಮ ಸೊಸೆ. ಅವಳದು ಒಂದೇ ನೇಮ. "ಮಾವ, ಒಳಗೆ ಹೋಗೋವಾಗಲೂ ಹೊರಗೆ ಬರೋವಾಗಲೂ ಬರಿಗೈಲಿ ಹೋಗಬೇಡಿ." ಬೆಳಗ್ಗೆ ಸಗಣಿ ಮಂಕರಿ ತಿಪ್ಪೆಗೆ ಹೊರೋದು ನಾನು. ಹೋಗೋವಾಗ ಒಲೆ ಬೂದಿ, ತರಕಾರಿ ಸಿಪ್ಪೆ ಅದರ ಮೇಲೇ ಬೀಳ್ತದೆ. ಹಾಲು ಕರೆಯೋಕೆ ಕೊಟ್ಟಿಗೆಗೆ ಹೋದವರು ಗಂಜಲದ ಕಾಲುವೆಗೆ ಒಂದು ಸಲ ಪೊರಕೆ ಆಡಿಸಿಯೇ ಈಚೆಗೆ ಬರೋದು. ಎರಡು ನಿಮಿಷ ಆಗಲ್ಲ. ಗಂಜಲ ನಿಂತ ನೆಲದಲ್ಲಿ ಹಸು ಮಲಗಿದರೆ ಕೆಚ್ಚಲಿಗೆ ಕೊಳೆ ಹತ್ತುತ್ತದೆ, ಕೆಚ್ಚಲು ಬಾವು ಬರೋದು ಹಾಗೇ. ಬಾವು ಬಂದ ಹಸುವಿನ ಹಾಲು ಡೇರಿಗೆ ಹಾಕೋ ಹಾಗಿಲ್ಲ, ಮೇಲಿಂದ ಔಷಧಿ ಖರ್ಚು. ಊಟ ಆದ ಮೇಲೆ ತಟ್ಟೆ ತೊಳೆದಿಡೋದು ಉಂಡವರದ್ದೇ. ಮೊದಲ ನೀರು ಸೋಪು ಹಾಕದೆ ಕಲಗಚ್ಚಿನ ಬಾನಿಗೆ, ಅದು ಹಸುವಿಗೆ. ಮೊಮ್ಮಗನಿಗೂ ಇದು ರೂಢಿಯಾಗಿದೆ. ಅವನಿಗೆ ಇದು ಕೆಲಸ ಅಂತಲೇ ಗೊತ್ತಿಲ್ಲ, ಊಟದ ಕೊನೆ ಅಂದರೆ ಇದೇ ಅಂದುಕೊಂಡಿದ್ದಾನೆ.

ನೀರಿನ ಡ್ರಮ್ಮಿನ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು. ಬಯಲುಸೀಮೆಯಲ್ಲಿ ನೀರು ದಿನಾ ಬರಲ್ಲ, ನಮ್ಮ ಬೀದಿಗೆ 4 ದಿನಕ್ಕೊಮ್ಮೆ. ಹಾಗಾಗಿ ಮನೆ ಮುಂದೆ ಡ್ರಮ್ಮು, ತೊಟ್ಟಿ, ಹಂಡೆ ಎಲ್ಲಾ ತುಂಬಿಟ್ಟುಕೊಳ್ತೀವಿ. ಡೆಂಗಿ, ಚಿಕೂನ್‌ಗುನ್ಯ ತರೋ ಸೊಳ್ಳೆ ಹುಟ್ಟೋದು ಚರಂಡಿಯ ಕೊಳೆ ನೀರಲ್ಲಲ್ಲ, ಇದೇ ತಿಳಿ ನೀರಲ್ಲಿ. ಕಚ್ಚೋದೂ ಹಗಲು ಹೊತ್ತು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸುಮಾರು 7ರಿಂದ 10 ದಿನ ಸಾಕು. ಬಹಳ ಜನಕ್ಕೆ ತಿಳಿಯದ ಸಂಗತಿ ಅಂದರೆ, ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿನ ಗೋಡೆಗೆ ಅಂಟಿಸಿ. ನೀರು ಚೆಲ್ಲಿ ಡ್ರಮ್ಮು ಒಣಗಿಸಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರ್ತದೆ. ಮತ್ತೆ ನೀರು ಮುಟ್ಟಿದ ಕೂಡಲೇ ಒಡೆದು ಹುಳ ಆಗ್ತದೆ. ಆದ್ದರಿಂದ ಬರೀ ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು.

ಶುಕ್ರವಾರ ತಿಕ್ಕಿ, ಭಾನುವಾರ ತಿಕ್ಕಿ ಅಂತ ಮನೆಗೆ ಬರೋ ಆಶಾ ಕಾರ್ಯಕರ್ತೆಯರು ಹೇಳ್ತಾರೆ. ಅವರು ಹೇಳೋದು ಸರಿ. ಆದರೆ ಶುಕ್ರವಾರ ಡ್ರಮ್ಮು ತುಂಬಿದ್ದರೆ ನಮ್ಮಂಥವರಿಗೆ ನೀರು ಚೆಲ್ಲೋಕೆ ಕೈ ಬರಲ್ಲ. ನಾವು ವಾರ ನೋಡೋದು ಬಿಟ್ಟು ನೀರಿನ ಸರದಿ ನೋಡ್ತೀವಿ. ನಲ್ಲಿ ಬಿಡೋ ದಿನ ಬೆಳಗ್ಗೆ ಡ್ರಮ್ಮು ತಳ ಕಂಡಿರ್ತದೆ. ಉಳಿದ ಎರಡು ಬಿಂದಿಗೆ ನೀರಲ್ಲೇ ತೆಂಗಿನ ನಾರು, ಬೂದಿ ಹಾಕಿ ತಿಕ್ಕಿ, ಆ ನೀರನ್ನ ಕರಿಬೇವಿನ ಗಿಡಕ್ಕೋ ನುಗ್ಗೆಗೋ ಹೊಯ್ಯೋದು. ಒಂದು ಹನಿ ದಂಡ ಇಲ್ಲ. ಈ ಕೆಲಸ ಮಗನದ್ದು, ನಲ್ಲಿ ಪೈಪು ಎಳೆಯೋನು ಅವನೇ ತಾನೆ. ತುಂಬಿದ ಕೂಡಲೇ ಹಳೇ ಪಂಚೆ ಹಾಸಿ ಬಾಯಿ ಸುತ್ತ ಹಗ್ಗ ಬಿಗಿದು ಕಟ್ಟೋದು. ಹತ್ತು ದಿನಕ್ಕೊಮ್ಮೆ ನೀರು ಬರೋ ಊರಿನವರು ಡ್ರಮ್ಮು ಖಾಲಿಯಾಗೋದನ್ನ ಕಾಯೋ ಹಾಗಿಲ್ಲ. ಅವರಿಗೆ ಈ ಬಟ್ಟೆಯೇ ಗತಿ, ಎಲ್ಲೂ ಸಂದಿ ಇರಬಾರದು. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟೋಕೆ ಎಡೆ ಕೊಟ್ಟ ಹಳ್ಳಿ ಮನೆಗೆ 200 ರೂಪಾಯಿ, ಪಟ್ಟಣದ ಮನೆಗೆ 400 ರೂಪಾಯಿ ದಂಡ ಅಂತ ಮಾಡಿತು. ದಂಡ ದೊಡ್ಡದಲ್ಲ ಬಿಡಿ. ಮನೆಯಲ್ಲಿ ಒಬ್ಬರು ಜ್ವರ ಅಂತ ಮಲಗಿದರೆ ಆಸ್ಪತ್ರೆ ಖರ್ಚಿನ ಜೊತೆ ನೋಡ್ಕೊಳ್ಳೋರ ಕೂಲಿಯೂ ಹೋಗ್ತದೆ. ಅದು ಬಿತ್ತನೆ ಸಮಯಕ್ಕೇ ಬರೋದು, ಯಾಕಂದರೆ ಮಳೆಗೂ ಸೊಳ್ಳೆಗೂ ಒಂದೇ ಕಾಲ.

ಔಷಧಿ ಹೊಡೆದ ದಿನದ್ದೂ ಒಂದು ಕಟ್ಟು ಮಾಡ್ಕೊಂಡಿದೀವಿ. ಕ್ಯಾನನ್ನು ಹೊಲದಲ್ಲೇ ಮೂರು ಸಲ ತೊಳೆದು ಆ ನೀರನ್ನ ಬೆಳೆಗೇ ಹೊಡೆಯೋದು. ಹಾಕ್ಕೊಂಡಿದ್ದ ಅಂಗಿ ಕೊಟ್ಟಿಗೆ ಹೊರಗಿನ ಮೊಳೆಯಿಂದ ಒಳಗೆ ಬರಬಾರದು, ಒಗೆಯೋದೂ ಬೇರೆ. ಮಕ್ಕಳ ಬಟ್ಟೆ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕೋ ಮನೆಗಳನ್ನ ನೋಡಿದೀನಿ. ಅದನ್ನ ನೋಡಿದರೆ ಸಿಟ್ಟು ಬರ್ತದೆ.

ರಾಗಿಗೆ ಹುಳ ಅಷ್ಟಾಗಿ ಬೀಳಲ್ಲ, ವರ್ಷಗಟ್ಟಲೆ ಇಟ್ಟರೂ ಇರ್ತದೆ. ಅವರೆ, ತೊಗರಿ, ಹುರುಳಿ ಹಾಗಲ್ಲ. ಹಳೇ ಚೀಲದ ಹೊಲಿಗೆಯಲ್ಲಿ ಹುಳ ಅಡಗಿರ್ತದೆ, ಹೊಸ ಕಾಳು ಸುರಿದ ಕೂಡಲೇ ಹಬ್ಬ ಅದಕ್ಕೆ. ಚೀಲ ಖಾಲಿಯಾದ ದಿನವೇ ತಿರುವಿ ಒದರಿ, ಕುದಿಯೋ ನೀರಲ್ಲಿ ಅದ್ದಿ, ಬಿಸಿಲಿಗೆ ಹಾಕಿ ಮಡಚಿಡೋದು. ಕೊಯ್ಲಿನ ಗಡಿಬಿಡಿಯಲ್ಲಿ ಇದಕ್ಕೆ ಯಾರಿಗೂ ಪುರುಸೊತ್ತು ಇರಲ್ಲ. ಮೂಟೆಗಳನ್ನ ಗೋಡೆಗೆ ಒತ್ತಿ ಇಡದೆ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ಈಚೆಗೆ ಇಟ್ಟರೆ ಪೊರಕೆ ಹಿಂದಕ್ಕೂ ಹೋಗ್ತದೆ, ಇಲಿಗೆ ಮರೆಯೂ ಇರಲ್ಲ.

ತಿಪ್ಪೆಯ ಗತಿ ನೋಡಿ. ಮೊದಲು ಮನೆ ಕಸ ಅಂದರೆ ಎಲ್ಲಾ ಗೊಬ್ಬರವೇ. ಈಗ ಗುಡಿಸಿದ್ದರಲ್ಲಿ ಹಾಲಿನ ಕವರು, ಶಾಂಪೂ ಚೀಟಿ, ಗುಟ್ಕಾ ಪಾಕೀಟು. ತಿಪ್ಪೆಗೆ ಎಸೆದರೆ ಏಪ್ರಿಲ್‌ನಲ್ಲಿ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ, ಕುಂಟೆಗೆ ಸುತ್ತಿಕೊಂಡು ಮತ್ತೆ ನಮ್ಮ ಕೈಗೇ ಬರ್ತದೆ. ಮೇಯೋ ದನದ ಹೊಟ್ಟೆಗೂ ಹೋಗ್ತದೆ. ಅಡುಗೆಮನೆ ಬಾಗಿಲಿಗೆ ಒಂದು ಚೀಲ ನೇತುಹಾಕಿ, ಕವರು ಹರಿದ ಕೈಯಲ್ಲೇ ಅದಕ್ಕೆ ಹಾಕಿದರೆ ಮುಗೀತು. ಚೀಲ ತುಂಬಿದಾಗ ಪಂಚಾಯ್ತಿಯ ಸ್ವಚ್ಛವಾಹಿನಿ ಗಾಡಿಗೆ ಕೊಡ್ತೀವಿ. ಗಾಡಿ ಬಾರದ ಊರಿನವರು ಪಂಚಾಯ್ತಿಗೆ ಹೋಗಿ ಕೇಳಿ, ಕೇಳದೆ ಯಾರೂ ಕಳಿಸಲ್ಲ. ಒಲೆಗೆ ಹಾಕೋದು ಮಾತ್ರ ಬೇಡ, ಆ ಹೊಗೆ ಕುಡಿಯೋರೂ ಹೆಂಗಸರೇ.

ಇಷ್ಟೆಲ್ಲಾ ಮಾಡಿದ ಮೇಲೂ ಕಳೆದ ಯುಗಾದಿಗೆ ಮನೆ ತೊಳೆದೆವು, ಅರ್ಧ ದಿನಕ್ಕೆ ಮುಗೀತು. ನನ್ನ ಹೆಂಡತಿ ಸಂಜೆ ಜಗಲಿ ಮೇಲೆ ಕೂತು ನೆರೆಮನೆಯವರ ಜೊತೆ ಮಾತಾಡ್ತಾ ಇದ್ದಳು.

ಒಂದು ಮಾತ್ರ ನಮಗೆ ಇನ್ನೂ ಬಗೆಹರಿದಿಲ್ಲ. ಕಡಲೇಕಾಯಿ ಬಿಡಿಸೋ ದಿನಗಳಲ್ಲಿ ಸಿಪ್ಪೆ ಧೂಳು ನಡುಮನೆಯೆಲ್ಲಾ ತುಂಬ್ತದೆ, ಬಿಡಿಸೋ ಹೆಂಗಸರಿಗೆ ಕೆಮ್ಮು ಬಿಡಲ್ಲ. ಅಂಗಳದಲ್ಲಿ ಕೂತರೆ ಬಿಸಿಲು, ಗಾಳಿ, ಕೋಳಿ ಕಾಟ. ಇದಕ್ಕೆ ಖರ್ಚಿಲ್ಲದ ಉಪಾಯ ಕಂಡುಕೊಂಡ ರೈತರು ಯಾರಾದರೂ ಇದ್ದರೆ ಮುಂದಿನ ಸಂಚಿಕೆಗೆ ಬರೀರಿ.