ಸಾಥ್ ಕೊಡುವವನ ಸೋಲೋ

ಹಳೆಯ ಟೇಪ್ ರೆಕಾರ್ಡರಿನಲ್ಲಿ ಅಳಿಸುವ ಹೆಡ್ ಅಂತ ಒಂದಿರುತ್ತಿತ್ತು. ಹೊಸ ದನಿ ಕೂಡುವ ಮುಂಚೆ ಹಳೆಯದನ್ನು ಒರೆಸಿ ಹಾಕುವುದು ಅದರ ಕೆಲಸ. ಮೈಕ್ ಓಲ್ಡ್‌ಫೀಲ್ಡ್ ಎಂಬ ಇಂಗ್ಲೆಂಡಿನ ಹುಡುಗ ಸಿಗರೇಟ್ ಪ್ಯಾಕಿನ ರಟ್ಟು ಹರಿದು ಆ ಹೆಡ್ಡಿಗೆ ಅಡ್ಡ ಇಟ್ಟುಬಿಟ್ಟ. ಮೊದಲು ನುಡಿಸಿದ್ದು ಅಳಿಯಲಿಲ್ಲ, ಅದರ ಮೇಲೆ ಇನ್ನೊಂದು ವಾದ್ಯ ಕೂತಿತು, ಅದರ ಮೇಲೆ ಮತ್ತೊಂದು. 1973ರ ಮೇ 25ರಂದು ಬಿಡುಗಡೆಯಾದ ‘ಟ್ಯುಬ್ಯುಲರ್ ಬೆಲ್ಸ್’ ಎಂಬ ಆಲ್ಬಮ್ಮಿನ ಮೂಲ ಈ ರಟ್ಟಿನ ಚೂರಿನಲ್ಲಿದೆ. ವರ್ಜಿನ್ ಕಂಪನಿಯ ಮೊಟ್ಟಮೊದಲ ರೆಕಾರ್ಡು ಅದು. ಪ್ರೊಗ್ರೆಸಿವ್ ರಾಕ್ ಎಂಬ ಪಂಥದಲ್ಲಿ ಒಬ್ಬನೇ ಕಟ್ಟಿದ ವಾದ್ಯಸಂಗೀತದ ಮಾತು ಬಂದರೆ ಇಂದಿಗೂ ಮೊದಲು ನೆನಪಾಗುವುದು ಇದೇ. ಒಂದೊಂದು ಬದಿಗೆ ಒಂದೇ ರಚನೆ, ಇಪ್ಪತ್ತು ನಿಮಿಷದ ಮೇಲೆ. ಹಾಡು ಅನ್ನುವಂಥದ್ದು ಇಲ್ಲವೇ ಇಲ್ಲ.

ಆ ರೆಕಾರ್ಡಿನ ಮೊದಲ ಪಿಯಾನೊ ಸುತ್ತು ನಮ್ಮ ಬೈಠಕ್ಕಿನ ಶ್ರೋತೃಗಳ ಕಿವಿ ನಿಮಿರಿಸುವಂಥದ್ದು. ಏಳು ಮಾತ್ರೆ, ಆಮೇಲೆ ಎಂಟು, ಕೂಡಿಸಿದರೆ ಹದಿನೈದು. ಪಂಚಮ ಸವಾರಿ ತಾಳದ ಲೆಕ್ಕ. ವಿಭಾಗ ಬೇರೆ ಅನ್ನಿ, ಕೈತಾಳ ಹಾಕಲು ಹೋದವರು ತಪ್ಪುತ್ತಾರೆ. ಆದರೂ ತಿರುಗಿ ಸಮಕ್ಕೆ ಬಂದು ಬೀಳುವ ಸುಖ ಅದರಲ್ಲಿದೆ.

ನನಗೆ ಮುಖ್ಯ ಅನಿಸಿದ್ದು ಮಾತ್ರ ಬೇರೆ. ಓಲ್ಡ್‌ಫೀಲ್ಡ್ ಇದಕ್ಕೂ ಮುಂಚೆ ಕೆವಿನ್ ಏರ್ಸ್ ಎಂಬ ಗಾಯಕನ ತಂಡದಲ್ಲಿ ಬೇಸ್ ಗಿಟಾರು ಹಿಡಿದು ಹಿಂದೆ ನಿಂತವನು. ಆ ಟೇಪ್ ರೆಕಾರ್ಡರ್ ಕೂಡ ಅವನಿಗೆ ಸಿಕ್ಕಿದ್ದು ಆ ಗಾಯಕನಿಂದಲೇ. ಅಂದರೆ ಇದು ಪಕ್ಕವಾದ್ಯದವನೊಬ್ಬ ಒಬ್ಬನೇ ಕೂತು ಮಾಡಿದ ಕೆಲಸ. ಹೀಗೆ ನೋಡಿದರೆ ವಿಷಯ ಸಾಥಿನ ವಾದ್ಯಕ್ಕೆ ಹೆಸರಾದ ಬೆಳಗಾವಿಗೆ ಬಂದು ನಿಲ್ಲುತ್ತದೆ.

ಬೆಳಗಾವಿ ಪೇಟಿಯ ಊರು. ಹಾರ್ಮೋನಿಯಂ ಅಂದರೆ ಪುಸ್ತಕದ ಮಾತಾಯಿತು. ಇಲ್ಲಿ ಅದು ಪೇಟಿ. ವಾದಕ ವಿಠ್ಠಲರಾವ್ ಕೋರಗಾಂವಕರರ ಹೆಸರು ಹಳಬರ ಬಾಯಲ್ಲಿ ಇನ್ನೂ ಇದೆ. ಅವರ ನಂತರ ರಾಮಭಾವು ಬಿಜಾಪುರೆ. 1917ರಲ್ಲಿ ಹುಟ್ಟಿ 2010ರವರೆಗೆ ಬದುಕಿದ ಮಾಸ್ತರರು. ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ, ಹೀಗೆ ಒಬ್ಬರ ದಾರಿ ಇನ್ನೊಬ್ಬರದಲ್ಲದ ಗಾಯಕರಿಗೆ ಸಾಥ್ ಕೊಟ್ಟವರು. ಸುಧಾಂಶು ಕುಲಕರ್ಣಿ, ರವೀಂದ್ರ ಕಾಟೋಟಿಯವರಂಥ ಶಿಷ್ಯರನ್ನು ಬೆಳೆಸಿದವರು. ಅವರು ಸೋಲೋ ನುಡಿಸಲು ಕೂತರೆ ಅದರ ಹಿಂದೆ ಅಷ್ಟೂ ಗಾಯಕರ ಉಸಿರಿನ ಲೆಕ್ಕ ಇರುತ್ತಿತ್ತು.

ಆದರೆ ಅವರ ತಾರುಣ್ಯದ ಕಾಲವೇ ಪೇಟಿಗೆ ಕೆಟ್ಟ ಕಾಲ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದರ ಸ್ವರಗಳು ಸಮ ಅಂತರದಲ್ಲಿ ಬಿಗಿದುಕೊಂಡಿವೆ, ಶ್ರುತಿಯ ಸೂಕ್ಷ್ಮ ಅದಕ್ಕೆ ಬಾರದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಳೆಯಲಾಗದು ಎಂಬುದು ಆಕ್ಷೇಪ. ರವೀಂದ್ರನಾಥ ಠಾಕೂರರೂ ನಿಷೇಧದ ಪರವಾಗಿದ್ದರು. ಪ್ಯಾರಿಸ್ಸಿನ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದ ವಾದ್ಯವಾದ್ದರಿಂದ ಪರದೇಶಿ ಎಂಬ ಹಣೆಪಟ್ಟಿ ಬೇರೆ. ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತುವ ಪೇಟಿಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ ರೂಪಿಸಿದರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 1971ರಲ್ಲಿ ಬಾಗಿಲು ಅರ್ಧ ತೆರೆಯಿತು: ಸಾಥಿಗೆ ಬರಲಿ, ಸೋಲೋ ಮಾತ್ರ ಬೇಡ. ಆಕ್ಷೇಪ ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಸಾಥಿನಲ್ಲಿ ಅಡ್ಡಿಯಾಗದ ಶ್ರುತಿದೋಷ ಸೋಲೋದಲ್ಲಿ ಮಾತ್ರ ಅಡ್ಡಿ ಹೇಗಾಗುತ್ತದೆ? ಸಂಗೀತಕ್ಕಿಂತ ಜಾತಿಪದ್ಧತಿಯ ವಾಸನೆ ನನಗೆ ಅಲ್ಲಿ ಹೆಚ್ಚು ಬಡಿಯುತ್ತದೆ. ಪಂಕ್ತಿಯಲ್ಲಿ ಬಡಿಸಲಿ, ಎಲೆ ಹಾಕಿಕೊಂಡು ಕೂಡಬಾರದು.

ಮೀಂಡ್ ಇಲ್ಲದ ವಾದ್ಯದಲ್ಲಿ ಮೀಂಡಿನ ಭ್ರಮೆ ಹುಟ್ಟಿಸುವುದೇ ಪೇಟಿ ಸೋಲೋದ ಕಸುಬು. ಬಾಜೂ ಸ್ವರವನ್ನು ಕಣವಾಗಿ ಮುಟ್ಟಿ ಬಿಡಬೇಕು, ಅದೇ ಕ್ಷಣ ತಿದಿಯ ಗಾಳಿ ತುಸು ಇಳಿಸಬೇಕು. ಉಳಿದದ್ದನ್ನು ಕೇಳುವವನ ಕಿವಿಯೇ ತುಂಬಿಕೊಳ್ಳುತ್ತದೆ. ಗಿಟಾರಿನವನಿಗೆ ಈ ಕಷ್ಟ ಇಲ್ಲ, ತಂತಿ ಎಳೆದರೆ ಸ್ವರ ಬಾಗುತ್ತದೆ. ಅದಕ್ಕೇ ಎಷ್ಟೋ ಗಿಟಾರ್ ಆಲ್ಬಮ್‌ಗಳಲ್ಲಿ ಬಾಗಿಸುವುದೇ ಜಾಸ್ತಿ.

ಇನ್ನೊಂದು ಭೇದವಿದೆ. ರಾಕ್ ರೆಕಾರ್ಡು ಮಾತನ್ನು ಬಿಟ್ಟರೆ ನಿಜಕ್ಕೂ ಬಿಟ್ಟಿತು. ಪೇಟಿಯಲ್ಲಿ ಹಾಗಲ್ಲ, ಬೆರಳಿನ ಕೆಳಗೆ ಬಂದಿಶ್ ಇರುತ್ತದೆ. ತಿಳಿದವನು ಒಳಗೇ ಸಾಹಿತ್ಯ ಹೇಳಿಕೊಳ್ಳುತ್ತಾನೆ. ಇದು ದೊಡ್ಡ ವಾದಕರ ಮಾತಷ್ಟೇ ಅಲ್ಲ. ಖಾನಾಪುರದ ಕಡೆಗೆ ಹೋದರೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಆ ಮಳೆನಾಡಿನಲ್ಲಿ, ಭಜನಿ ಮೇಳದ ಪೇಟಿಗಳಿವೆ. ಥಂಡಿಗೆ ಕಟ್ಟಿಗೆ ಉಬ್ಬಿ ಸ್ವರದ ಮನೆಗಳು ಕಚ್ಚಿಕೊಳ್ಳುವ ವಾದ್ಯಗಳು. ಒಂದು ಅಭಂಗ ಮುಗಿದು ಇನ್ನೊಂದು ಏಳುವ ನಡುವೆ ಪೇಟಿಯವನಿಗೆ ನಾಲ್ಕಾರು ಆವರ್ತನ ಸಿಗುತ್ತವೆ. ಅಷ್ಟರಲ್ಲಿ ಅವನು ಹಿಂದಿನ ಪದವನ್ನೇ ಮಾತಿಲ್ಲದೆ ತಿರುವಿ ಹಾಕುತ್ತಾನೆ. ಕೂತ ಮಂದಿ ತುಟಿ ಆಡಿಸುತ್ತಾರೆ. ಮರಾಠಿಯೋ ಕನ್ನಡವೋ, ಆ ಗಡಿಯ ಜಗಳ ಅಲ್ಲಿಗೆ ಬರುವುದಿಲ್ಲ.

ಒಬ್ಬನೇ ಎಂಬುದರ ಲೆಕ್ಕವೂ ಎರಡು ಕಡೆ ಬೇರೆಯೇ. ಓಲ್ಡ್‌ಫೀಲ್ಡ್ ಗಿಟಾರು, ಪಿಯಾನೊ, ಆರ್ಗನ್ನು, ಗಂಟೆ ಎಲ್ಲವನ್ನೂ ತಾನೇ ನುಡಿಸಿ ಪದರ ಪದರವಾಗಿ ಕೂಡಿಸಿದ. ಕೊಳಲು, ಡ್ರಮ್ಮುಗಳಂಥ ಕೆಲವಕ್ಕೆ ಮಾತ್ರ ಬೇರೆಯವರು ಬಂದರು. 1973ರ ಜೂನ್ 25ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಿನಲ್ಲಿ ಅದನ್ನು ಜನರೆದುರು ನುಡಿಸುವ ಪ್ರಸಂಗ ಬಂದಾಗ ವೇದಿಕೆ ತುಂಬ ಮಂದಿ ಬೇಕಾದರು. ರೋಲಿಂಗ್ ಸ್ಟೋನ್ಸ್‌ನ ಮಿಕ್ ಟೇಲರ್ ಕೂಡ ಅವರಲ್ಲಿ ಒಬ್ಬ. ಬಿಜಾಪುರೆ ಮಾಸ್ತರರ ಪರಂಪರೆಯವರಿಗೆ ಒಬ್ಬ ತಬಲಾದವನು ಸಾಕು, ಅವನೂ ಸಾಥಿನವನೇ.